ನಾಲಿಗೆಕಟ್ಟೆಯಲ್ಲಿ ಕರೀಗಾಜಿನ ಕಾರು

ಆ ಊರು ಎಲ್ಲಿದೆ ಅಂತ ಕೇಳಿದರೆ ಹೇಳೋದು ಕಷ್ಟ. ಬಸ್ಸೇನೋ ಹೋಗುತ್ತೆ, ಬೋರ್ಡು ಮಾತ್ರ ಇರೋಲ್ಲ. ತೂಕಡಿಸುವವರು ಅಲ್ಲಿ ಇಳಿಯುತ್ತಾರೆ, ಎಚ್ಚರ ಇರುವವರು ಮುಂದಿನ ಸ್ಟಾಪಿಗೆ ಹೋಗಿಬಿಡುತ್ತಾರೆ. ಊರಿಗೆ ಇರುವುದು ಒಂದೇ ಬೀದಿ, ಅದೂ ಬಳೆಯ ಹಾಗೆ ಗುಂಡಗೆ. ಎಲ್ಲಿಂದ ಹೊರಟರೂ ಹೊರಟಲ್ಲಿಗೇ ಬಂದು ನಿಲ್ಲಬೇಕು. ಹಾಗಾಗಿ ಆ ಊರಲ್ಲಿ ದಾರಿ ತಪ್ಪಿದವರು ಯಾರೂ ಇಲ್ಲ, ಎಲ್ಲಿಗಾದರೂ ತಲುಪಿದವರೂ ಯಾರೂ ಇಲ್ಲ.

ಆ ಊರಿಗೆ ಒಂದು ಕಾನೂನು ಇತ್ತು. ಗಾಜಿನ ಹಿಂದೆ ಕೂತವರು ಬೀದಿಯಲ್ಲಿ ನಿಂತವರಿಗೆ ಕಾಣಬೇಕು. ಕಾರಿರಲಿ, ವ್ಯಾನಿರಲಿ, ಗಾಜಿಗೆ ಕಪ್ಪು ಕೂಲಿಂಗ್ ಪೇಪರ್ ಅಂಟಿಸಿಕೊಂಡು ಒಳಗೆ ಅವಿತು ಕೂರುವ ಹಾಗಿಲ್ಲ. ಕಾಣದವನು ಊರಲ್ಲಿಲ್ಲ, ಅವನ ಮಾತೂ ಊರಲ್ಲಿಲ್ಲ.

ಸರಿ, ಎಷ್ಟು ಕಂಡರೆ ಕಂಡ ಹಾಗೆ? ಬೇರೆ ಊರುಗಳಲ್ಲಿ ಇದಕ್ಕೊಂದು ಮೀಟರ್ ಇದೆಯಂತೆ, ಗಾಜಿಗೆ ಹಿಡಿದು ಬೆಳಕು ಅಳೆಯುತ್ತಾರಂತೆ. ಈ ಊರಿನ ಹಿರಿಯರಿಗೆ ಮೀಟರ್ ಮೇಲೆ ನಂಬಿಕೆ ಇರಲಿಲ್ಲ. ಅವರು ಆಟೋದಲ್ಲಿ ಓಡಾಡಿದವರು. ಅವರು ನಾಲಿಗೆಯನ್ನು ನಂಬಿದರು.

ಬೀದಿಯ ಒಂದು ಕಡೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಕಾವಲಿನವನು. ಗಾಡಿ ಬಂದು ನಿಲ್ಲುತ್ತಿತ್ತು. ಗಾಜು ಪೂರ್ತಿ ಏರಿಸಿರಬೇಕು. ಒಳಗಿದ್ದವರೆಲ್ಲ ಅವನ ಕಡೆ ತಿರುಗಿ ನಾಲಿಗೆ ಚಾಚಬೇಕು. ಕಟ್ಟೆಯ ಮೇಲಿಂದ ನಾಲಿಗೆಯ ಕೆಂಪು ಕಂಡರೆ ಅವನು "ಕಂಡೆ!" ಅಂತ ಕೂಗುತ್ತಿದ್ದ, ಗಾಡಿ ಮುಂದೆ ಹೋಗುತ್ತಿತ್ತು. ಕಾಣದಿದ್ದರೆ "ಕಾಣೆ!" ಅಂತ ಕೂಗುತ್ತಿದ್ದ, ಗಾಡಿ ಅಲ್ಲೇ ನಿಲ್ಲುತ್ತಿತ್ತು.

ಹೆಡ್ಮಾಸ್ತರು ಚಾಚುತ್ತಿದ್ದರು. ಕನ್ನಡಕ ಸರಿ ಮಾಡಿಕೊಂಡು ಜಡ್ಜು ಚಾಚುತ್ತಿದ್ದರು. ಜ್ವರ ಬಂದವರು ಡಾಕ್ಟರ ಮನೆಗೆ ಹೋಗುವಾಗ ಇಲ್ಲಿ ಒಂದು ಸಲ ಚಾಚಿ, ಅಲ್ಲಿ ಹೋಗಿ ಇನ್ನೊಂದು ಸಲ ಚಾಚುತ್ತಿದ್ದರು. ಹೆಣದ ಗಾಡಿ ಬಂದರೆ ಅಳುತ್ತಾ ಜೊತೆಗೆ ಕೂತವರು ಚಾಚುತ್ತಿದ್ದರು, ಮಲಗಿದವನಿಗೆ ಮಾತ್ರ ಮಾಫಿ. ಯಾರಿಗೂ ನಗು ಬರುತ್ತಿರಲಿಲ್ಲ. ದಿನಾ ಮಾಡುವ ಕೆಲಸಕ್ಕೆ ಯಾರಾದರೂ ನಗುತ್ತಾರಾ?

"ಕಾಣೆ!" ಅಂದಾಗ ಕಟ್ಟೆಯ ಕೆಳಗಿನಿಂದ ಒಬ್ಬಳು ಎದ್ದು ಬರುತ್ತಿದ್ದಳು. ಊರವರು ಅವಳನ್ನು ಕರಿ ಸುಲಿಯುವವಳು ಅಂತ ಕರೆಯುತ್ತಿದ್ದರು. ಒಂದು ಬಕೆಟ್ ಸೋಪಿನ ನೀರು, ಒಂದು ಬ್ಲೇಡು, ಎರಡೂ ಕೈಯಲ್ಲಿ ಗಟ್ಟಿ ಉಗುರು. ಗಾಡಿಯ ಬಾಗಿಲು ತೆರೆಸಿ ಒಳಗೆ ನುಗ್ಗಿ, ಗಾಜಿನ ಮೂಲೆಗೆ ಉಗುರು ಹಾಕಿ, ಕಪ್ಪು ಹಾಳೆಯನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎಳೆದು ಬಿಸಾಕುತ್ತಿದ್ದಳು. ಒಳಗಿದ್ದವರು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಾಲಿಗೆ ಚಾಚುತ್ತಿದ್ದರು. ಕಾವಲಿನವನು "ಕಂಡೆ!" ಅನ್ನುತ್ತಿದ್ದ.

ಅವನು ಕಾಣೆ ಅನ್ನಬೇಕು, ಇವಳು ಸುಲಿಯಬೇಕು, ಅವನು ಕಂಡೆ ಅನ್ನಬೇಕು. ಹೀಗೆ ಎಷ್ಟೋ ಗಾಜುಗಳು ತಿಳಿಯಾದವು. ಯಾವುದೋ ಒಂದು ಕಾಣೆಗೂ ಕಂಡೆಗೂ ನಡುವೆ ಅವರಿಬ್ಬರಿಗೆ ಪ್ರೀತಿಯೂ ಆಗಿಹೋಯಿತು. ಯಾವ ಗಾಡಿಯ ಹತ್ತಿರ ಅಂತ ಇಬ್ಬರಿಗೂ ನೆನಪಿಲ್ಲ. ಅವನು ತರಕಾರಿ ವ್ಯಾನು ಅನ್ನುತ್ತಾನೆ. ಅವಳು "ನಿಮ್ಮ ಬುದ್ಧಿಗೆ ತರಕಾರಿನೇ ಸರಿ" ಅನ್ನುತ್ತಾಳೆ.

ಮನೆಯವರು ಒಪ್ಪಿದರು. ಅರಿಶಿಣ ಹಚ್ಚಿದರು. ಕರಿ ಸುಲಿಯುವವಳು ಆವತ್ತಿನಿಂದ ಮದುಮಗಳಾದಳು. ತಾಯಿ ಅವಳ ಕೈಗೆ ಹೂವಿನ ಹಾರ ಕೊಟ್ಟು, ಕಣ್ಣೊರೆಸಿಕೊಂಡು ಹೇಳಿದಳು, "ಹೋಗಮ್ಮ, ಸಾಲಿನ ಕೊನೆಯಲ್ಲಿ ನಿಂತ್ಕೋ. ನೆರಳಿರೋ ಕಡೆ ನೋಡ್ಕೊಂಡು ನಿಂತ್ಕೋ."

ಸಾಲಿನ ಕಥೆ ಹೀಗೆ. ಆ ಊರಿನ ಮದುವೆಗೆ ಮುಖನೋಟ ಅಂತ ಒಂದು ಶಾಸ್ತ್ರ. ಊರಿನ ಒಡೆಯರು ಗಂಡು ಹೆಣ್ಣಿನ ಮುಖ ನೋಡಬೇಕು, ಗಂಡು ಹೆಣ್ಣು ಒಡೆಯರ ಮುಖ ನೋಡಬೇಕು, ಒಡೆಯರು "ಕಂಡೆ" ಅನ್ನಬೇಕು. ಆಮೇಲೆ ಹಾರ ಬದಲಾಯಿಸಬೇಕು. ಒಡೆಯರು ದಿನಾ ಕಾರಿನಲ್ಲಿ ಬಳೆಬೀದಿ ಸುತ್ತುತ್ತಿದ್ದರು, ನಾಲಿಗೆಕಟ್ಟೆಯ ಹತ್ತಿರ ಕಾರು ನಿಲ್ಲುತ್ತಿತ್ತು, ಮುಖನೋಟ ಅಲ್ಲೇ ಮುಗಿಯುತ್ತಿತ್ತು. ಹಿಂದೆ.

ಒಂದು ದಿನ ಆ ಕಾರಿನ ಹಿಂದಿನ ಗಾಜು ಕಪ್ಪಾಗಿ ಬಂತು. ಕಾಡಿಗೆ ಬಳಿದ ಹಾಗೆ ಕಪ್ಪು. ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ ತಗಡಿನ ಅಡ್ಡಗೋಡೆ ಬೇರೆ. ಆಗಿನ ಕಾವಲಿನವನು, ಅಂದರೆ ಈಗಿನವನ ಅಪ್ಪ, ಬಾಯಿ ತೆರೆಯುವ ಮೊದಲೇ ಒಡೆಯರ ಕಾರುಬಾರು ನೋಡಿಕೊಳ್ಳುವ ಮುಂದಿನ ಸೀಟಿನವರು ಕಿಟಕಿ ಇಳಿಸಿ ಹೇಳಿದರು, "ಕಾನೂನು ಎಲ್ಲರಿಗೂ ಉಂಟು, ಒಡೆಯರ ಕಾರು ಬಿಟ್ಟು." ಅಷ್ಟು ಹೇಳಿ, ಗಾಜು ಏರಿಸಿ, ತಾವು ಮಾತ್ರ ಶ್ರದ್ಧೆಯಿಂದ ನಾಲಿಗೆ ಚಾಚಿದರು. ಅವರು ಕಾನೂನಿಗೆ ಬಹಳ ಮರ್ಯಾದೆ ಕೊಡುವ ಮನುಷ್ಯ.

ಆವತ್ತಿನಿಂದ ಊರಲ್ಲಿ ಒಂದೂ ಮದುವೆ ಆಗಿಲ್ಲ. ಕಾರು ಬರುತ್ತೆ, ನಿಲ್ಲುತ್ತೆ. ಸಾಲಿನವರು ಹಾರ ಎತ್ತುತ್ತಾರೆ. ಮುಂದಿನ ಸೀಟಿನವರು "ಒಡೆಯರಿಗೆ ಪುರುಸೊತ್ತಿಲ್ಲ, ನಾಳೆ" ಅನ್ನುತ್ತಾರೆ. ಕಾರು ಹೋಗುತ್ತೆ. ಸಾಲಿನವರು ಹಾರ ಇಳಿಸುತ್ತಾರೆ. ಸಾಲಿನ ತುದಿಯಲ್ಲಿ ಎಳೇ ಜೋಡಿಗಳು, ನಡುವೆ ಕೂದಲು ನೆರೆತ ಜೋಡಿಗಳು, ಎಲ್ಲಕ್ಕಿಂತ ಮುಂದೆ ಹಳೇ ಮದುಮಗಳು ಮತ್ತು ಹಳೇ ಮದುಮಗ. ಅವಳಿಗೆ ಹಲ್ಲಿಲ್ಲ. ಅವನಿಗೆ ಮೀಸೆ ಬಿಟ್ಟರೆ ಬೇರೆ ಏನೂ ಉಳಿದಿಲ್ಲ. ಹೂವು ಒಣಗಿ ದಾರ ಆಗಿ, ದಾರ ಹರಿದು, ಅವರ ಕೈಯಲ್ಲಿ ಹಾರವೇ ಇರಲಿಲ್ಲ. ಆದರೂ ಕಾರು ಬಂದಾಗ ಖಾಲಿ ಕೈಯನ್ನು ಹಾರ ಹಿಡಿದ ಹಾಗೇ ಎತ್ತುತ್ತಿದ್ದರು.

ಮದುಮಗಳು ಸಾಲನ್ನು ತುದಿಯಿಂದ ತುದಿಗೆ ನೋಡಿದಳು. ಇವತ್ತು ಈ ಕೊನೆ, ಇನ್ನೆಷ್ಟೋ ವರ್ಷಕ್ಕೆ ಆ ಕೊನೆ. ಕಾವಲಿನವನು ಕಟ್ಟೆಯ ಮೇಲೆಯೇ ಮುದುಕನಾಗುತ್ತಾನೆ, ತಾನು ಕಟ್ಟೆಯ ಕೆಳಗೇ ಮುದುಕಿಯಾಗುತ್ತೇನೆ. ಹೂವು ಇನ್ನೂ ತಣ್ಣಗಿತ್ತು. ಅವಳು ಸಾಲಿನಲ್ಲಿ ನಿಲ್ಲಲಿಲ್ಲ.

ನೆಟ್ಟಗೆ ಹೋಗಿ ಕಟ್ಟೆಯ ಹತ್ತಿರ ನಿಂತಳು. "ರೀ," ಅಂದಳು.

"ಏನೇ?"

"ಇವತ್ತು ಆ ಕಾರು ಬಂದಾಗ ಕಾಣೆ ಅಂತ ಕೂಗಿ."

ಕಾವಲಿನವನು ಕಟ್ಟೆಯ ಮೇಲಿಂದ ಬೀಳದೇ ಇದ್ದದ್ದು ಪುಣ್ಯ. "ನಿನಗೇನು ತಲೆ ಕೆಟ್ಟಿದೆಯಾ? ನಮ್ಮಪ್ಪ ಸಲ್ಯೂಟ್ ಹೊಡೀತಿದ್ರು, ನಾನೂ ಹೊಡೀತೀನಿ. ಕಾಣೆ ಅಂದರೆ ನಾಳೆ ಕಟ್ಟೆ ಮೇಲೆ ಬೇರೆಯವನು ಇರ್ತಾನೆ."

"ನಾಳೆ ಮದುವೆ ಆಗಿದ್ದರೆ ಕಟ್ಟೆ ಯಾಕೆ ಬೇಕು? ಮನೇಲಿರಿ."

"ಮನೇಲಿದ್ದು ಏನ್ ಮಾಡ್ಲಿ?"

"ನಾಲಿಗೆ ನೋಡೋದು ಬಿಟ್ಟು ಬೇರೆ ಕೆಲಸಾನೇ ಗೊತ್ತಿಲ್ವಲ್ರೀ ನಿಮಗೆ," ಅಂದು ಅವಳು ಮೂತಿ ತಿರುಗಿಸಿದಳು. ಅಷ್ಟರಲ್ಲಿ ಕಾರು ಬಂತು.

ಆ ಕಾರಿನ ಸುತ್ತ ಒಂದು ಅಭ್ಯಾಸ ಬೆಳೆದಿತ್ತು. ಯಾರೂ ಅದನ್ನು ಅಭ್ಯಾಸ ಅಂದುಕೊಂಡಿರಲಿಲ್ಲ, ಅದೇ ಮಜಾ. ಕಪ್ಪು ಗಾಜಿನಲ್ಲಿ ಒಳಗಿನದು ಕಾಣುವುದಿಲ್ಲ, ಹೊರಗಿನದು ಮಾತ್ರ ಚೆನ್ನಾಗಿ ಕಾಣುತ್ತೆ. ಕಾರು ನಿಂತ ತಕ್ಷಣ ಸಾಲಿನವರು ಒಬ್ಬೊಬ್ಬರಾಗಿ ಗಾಜಿನ ಹತ್ತಿರ ಬಗ್ಗಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಒಡೆಯರ ಎದುರಿಗೆ ಹೋಗುವಾಗ ನೀಟಾಗಿರಬೇಕಲ್ಲ, ಅದಕ್ಕೆ. ಒಬ್ಬನು ಕ್ರಾಪು ತೀಡುವನು. ಒಬ್ಬಳು ಹುಬ್ಬು ಸವರುವಳು. ಒಬ್ಬನು ಹಲ್ಲಿನ ಸಂದಿಯ ಸೊಪ್ಪನ್ನು ಉಗುರಿನಲ್ಲಿ ತೆಗೆದು, ಅದನ್ನೇ ನೋಡಿ, ಮತ್ತೆ ಬಾಯಿಗೆ ಹಾಕಿಕೊಳ್ಳುವನು. ಹೆಡ್ಮಾಸ್ತರು ದಾರಿಯಲ್ಲಿ ಹೋಗುತ್ತಾ ಸುಮ್ಮನೆ ಬಂದು ಮೂಗಿನ ಹೊಳ್ಳೆ ಅಗಲಿಸಿ ನೋಡಿಕೊಂಡು ಹೋಗುತ್ತಿದ್ದರು, ಅವರು ಸಾಲಿನಲ್ಲೂ ಇರಲಿಲ್ಲ.

ಹಾಗೆ ನೋಡಿಕೊಳ್ಳುವಾಗ ಕಾರು ಸಣ್ಣಗೆ ನಡುಗುತ್ತಿತ್ತು. ನಡುಗಿದ ತಕ್ಷಣ ಎಲ್ಲರೂ ಗಾಬರಿಯಾಗಿ ಹಿಂದೆ ಸರಿಯುತ್ತಿದ್ದರು.

"ಒಡೆಯರಿಗೆ ಸಿಟ್ಟು ಬಂತು," ಅನ್ನುತ್ತಿದ್ದಳು ಹಳೇ ಮದುಮಗಳು. "ಸಿಟ್ಟಿಗೆ ಮೈ ಅದುರ್ತದೆ ನೋಡಿ. ಮೊದಲಿನ ದಿನದಿಂದ ಹಿಂಗೇ. ನಮ್ಮನ್ನ ಕಂಡರೆ ಅವರಿಗೆ ಆಗೋಲ್ಲ."

ಮದುಮಗಳೂ ಆವತ್ತು ಗಾಜಿನ ಹತ್ತಿರ ಹೋದಳು. ಹಣೆಯ ಕುಂಕುಮ ಸ್ವಲ್ಪ ಓರೆಯಾಗಿತ್ತು. ಸರಿ ಮಾಡಲು ಹೋದಳು, ಎಡಕ್ಕೆ ಹೋಯಿತು. ಮತ್ತೆ ಮಾಡಿದಳು, ಹುಬ್ಬಿನ ಮೇಲೆ ಹತ್ತಿತು. ಉಗುಳು ಹಚ್ಚಿ ಒರೆಸಿದಳು, ಹಣೆಯೆಲ್ಲ ಕೆಂಪಾಯಿತು. ಕಾರು ನಡುಗಿತು. ಎಲ್ಲರೂ ಹಿಂದೆ ಸರಿದರು. ಅವಳು ಸರಿಯಲಿಲ್ಲ. ಬಾಗಿಲಿಗೆ ಅಂಗೈ ಇಟ್ಟಳು.

ಇಂಜಿನ್ ಆಫ್ ಆಗಿತ್ತು. ಆದರೂ ಬಾಗಿಲು ಅದುರುತ್ತಿತ್ತು. ತಡೆದು ತಡೆದು, ಬಿಟ್ಟು ಬಿಟ್ಟು, ಕೊನೆಗೊಂದು ದೊಡ್ಡ ಅದುರು. ಈ ಅದುರು ಅವಳಿಗೆ ಗೊತ್ತಿತ್ತು. ಸ್ಕೂಲಿನಲ್ಲಿ ಮೌನಾಚರಣೆಗೆ ನಿಲ್ಲಿಸಿದಾಗ, ಪಕ್ಕದವಳಿಗೆ ಬಿಕ್ಕಳಿಕೆ ಬಂದರೆ, ಸಾಲಿನ ಭುಜಗಳೆಲ್ಲ ಅದುರುತ್ತಾವಲ್ಲ, ಅದು. ಸಿಟ್ಟು ಹೀಗೆ ಅದುರುವುದಿಲ್ಲ.

"ಒಡೆಯರಿಗೆ ಪುರುಸೊತ್ತಿಲ್ಲ, ನಾಳೆ," ಅಂದರು ಮುಂದಿನ ಸೀಟಿನವರು. ಕಾರು ಹೋಯಿತು. ಹಾರಗಳು ಇಳಿದವು.

ಮದುಮಗಳು ಕಟ್ಟೆಯ ಮೇಲೆ ಹತ್ತಿ ನಿಂತಳು. "ಕೇಳ್ರಪ್ಪಾ ಎಲ್ಲ," ಅಂದಳು. "ಒಳಗಿರೋರು ಸಿಟ್ಟಾಗಿಲ್ಲ. ನಗ್ತಿದ್ದಾರೆ. ನಗು ತಡ್ಕೊಂಡು ಸಾಯ್ತಿದ್ದಾರೆ."

ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು.

"ಏನ್ ನೋಡಿ ನಗ್ತಾರೆ?" ಅಂತ ಹಳೇ ಮದುಮಗ ಮೀಸೆ ತೀಡಿದ. "ಇಲ್ಲಿ ನಗೋ ಅಂಥದ್ದು ಏನಿದೆ?"

ಮದುಮಗಳು ಅವನ ಮೀಸೆಯನ್ನೇ ನೋಡಿದಳು. "ನಾಳೆ ಕಾರು ನಡುಗಿದಾಗ ಯಾರೂ ಹಿಂದೆ ಸರೀಬೇಡಿ. ದಿನಾ ಮಾಡೋದನ್ನೇ ಮಾಡಿ. ಸ್ವಲ್ಪ ಹೆಚ್ಚಾಗಿ ಮಾಡಿ. ಅಷ್ಟು ಸಾಕು."

"ಸಿಟ್ಟೇ ಆಗಿದ್ರೆ?" ಅಂದಳು ಹಳೇ ಮದುಮಗಳು.

"ಸಿಟ್ಟೇ ಆಗಿದ್ರೆ ಏನ್ ಮಾಡ್ತಾರೆ ಅಜ್ಜಿ? ಮದುವೆ ನಿಲ್ಲಿಸ್ತಾರಾ?"

ಹಳೇ ಮದುಮಗಳು ತನ್ನ ಖಾಲಿ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

ಮಾರನೇ ದಿನ ಬಿಸಿಲು ಚೆನ್ನಾಗಿತ್ತು. ಕಾರು ಬಂತು. ನಿಂತಿತು. ಇಂಜಿನ್ ಆಫ್ ಆಯಿತು. ಮುಂದಿನ ಸೀಟಿನವರು ಶ್ರದ್ಧೆಯಿಂದ ನಾಲಿಗೆ ಚಾಚಿದರು. ಕಾವಲಿನವನು ಅವರಿಗೆ "ಕಂಡೆ!" ಅಂದು, ಹಿಂದಿನ ಗಾಜಿಗೆ ಸಲ್ಯೂಟ್ ಹೊಡೆದ.

ಕ್ರಾಪಿನವನು ಮೊದಲು ಹೋದ. ಎಡಕ್ಕೆ ಬಾಚಿದ, ಬಲಕ್ಕೆ ಬಾಚಿದ, ಕೊನೆಗೆ ಕೋಳಿ ಜುಟ್ಟಿನ ಹಾಗೆ ಮೇಲಕ್ಕೆ ಬಾಚಿ ತಾನೇ ಮೆಚ್ಚಿ ತಲೆ ಅಲ್ಲಾಡಿಸಿದ. ಕಾರು ನಡುಗಿತು. ಯಾರೂ ಸರಿಯಲಿಲ್ಲ.

ಹುಬ್ಬಿನವಳು ಹೋದಳು. ಒಂದು ಹುಬ್ಬು ಮೇಲೆ, ಒಂದು ಹುಬ್ಬು ಕೆಳಗೆ. ಕಾರು ಜೋರಾಗಿ ನಡುಗಿತು. ಯಾರೂ ಸರಿಯಲಿಲ್ಲ.

ಹೆಡ್ಮಾಸ್ತರು ಎಂದಿನಂತೆ ಬಂದು ಹೊಳ್ಳೆ ಅಗಲಿಸಿದರು. ಅವರಿಗೆ ಈ ಉಪಾಯ ಯಾರೂ ಹೇಳಿರಲಿಲ್ಲ, ಪಾಪ. ಒಳಗಿನಿಂದ 'ಹಿ' ಅಂತ ಒಂದು ಸಣ್ಣ ಶಬ್ದ ಬಂತು. ಚಪ್ಪಲಿಯ ಕೆಳಗೆ ಸಿಕ್ಕಿದ ಪೀಪಿಯ ಹಾಗೆ.

"ಗಾಡಿ ಬೆಲ್ಟು ಲೂಸಾಗಿದೆ," ಅಂದರು ಮುಂದಿನ ಸೀಟಿನವರು ಬೆವರೊರೆಸಿಕೊಂಡು.

"ಇಂಜಿನ್ನೇ ಆಫ್ ಆಗಿದೆಯಲ್ಲ ಸ್ವಾಮಿ," ಅಂದಳು ಮದುಮಗಳು.

ಆಮೇಲೆ ಹಳೇ ಜೋಡಿ ಹೋಯಿತು. ಹಳೇ ಮದುಮಗ ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಮೀಸೆಯ ಒಂದು ತುದಿ ಮೇಲಕ್ಕೆ ನಿಲ್ಲಿಸಿದ, ನಿಂತಿತು. ಇನ್ನೊಂದು ತುದಿ ನಿಲ್ಲಿಸುವಾಗ ಮೊದಲಿನದು ಬಿತ್ತು. ಅದನ್ನು ಎತ್ತಿದ, ಇದು ಬಿತ್ತು. ಅವನು ಬೈದ. ಪಕ್ಕದಲ್ಲಿ ಹಳೇ ಮದುಮಗಳು, ಎಲ್ಲಾದರೂ ಒಂದು ಹಲ್ಲು ಉಳಿದಿದೆಯಾ ಅಂತ ಬೋಳು ಬಾಯಿಯನ್ನು ಅಗಲಿಸಿ ಗಾಜಿಗೆ ಒತ್ತಿ ಹುಡುಕುತ್ತಿದ್ದಳು. "ಒಂದು ಇತ್ತಲ್ಲ, ಎಲ್ ಹೋಯ್ತು?" ಅಂತ ಮದುಮಗನನ್ನು ಕೇಳಿದಳು. "ನನ್ನನ್ನ ಕೇಳಿದ್ರೆ? ನಾನೇನ್ ನುಂಗಿದೀನಾ?" ಅಂದ ಅವನು, ಎರಡೂ ಮೀಸೆ ಕೆಳಗಿಟ್ಟುಕೊಂಡು.

ಅಷ್ಟೇ. ಕಾರಿನ ಒಳಗೆ ಮಡಕೆ ಒಡೆದ ಹಾಗೆ ನಗು ಒಡೆಯಿತು. ಹಾ ಹಾ ಅಂತಲ್ಲ, ಹೋ ಹೋ ಅಂತಲೂ ಅಲ್ಲ. ಉಸಿರು ಸಿಗದೆ, ಸೀಟು ಗುದ್ದಿಕೊಂಡು, ಅಯ್ಯಯ್ಯೋ ಅಂತ ನರಳಿಕೊಂಡು ನಗುವ ನಗು. ಕಾರು ಎತ್ತಿನಗಾಡಿಯ ಹಾಗೆ ತೂಗಾಡಿತು. ಸಾಲು ಮರಗಟ್ಟಿ ನಿಂತಿತು.

ಮದುಮಗಳು ಕಟ್ಟೆಯ ಕಡೆ ತಿರುಗಿದಳು. ಕಾವಲಿನವನು ಅವಳ ಕೈಯ ಹಾರ ನೋಡಿದ. ನಿನ್ನೆಯ ಹೂವು, ಅಂಚು ಬಾಡಲು ಶುರುವಾಗಿತ್ತು. ಅವನು ಸಾಲಿನ ಮುಂದಿನ ಖಾಲಿ ಕೈಗಳನ್ನು ನೋಡಿದ. ಸಲ್ಯೂಟ್ ಹೊಡೆದ ಕೈ ಇನ್ನೂ ಹಣೆಯ ಹತ್ತಿರವೇ ಇತ್ತು. ನಿಧಾನಕ್ಕೆ ಇಳಿಸಿದ. ಎದೆ ತುಂಬ ಉಸಿರು ತೆಗೆದುಕೊಂಡ.

"ಕಾಣೆ!" ಅಂದ.

ಬಳೆಬೀದಿಯಲ್ಲಿ ಆ ಕೂಗು ಒಂದು ಸುತ್ತು ಹೋಗಿ ವಾಪಸ್ ಬಂತು. ಕಾರಿನೊಳಗಿನ ನಗು ಗಪ್ಪನೆ ನಿಂತಿತು.

ಮುಂದಿನ ಸೀಟಿನವರು ಬಾಗಿಲು ತೆರೆದು ಹೊರಗೆ ಬಂದರು. ಅವರು ಕಾಲು ನೆಲಕ್ಕಿಟ್ಟಿದ್ದನ್ನು ಊರು ಅವತ್ತೇ ನೋಡಿದ್ದು. "ಏನಂದೆ? ಒಡೆಯರಿಗೆ ಕಾನೂನಿಲ್ಲ ಅಂತ ನಿಮ್ಮಪ್ಪ ಹೇಳಿಕೊಟ್ಟಿಲ್ವಾ?"

"ನಾನು ಕಾನೂನು ಹೇಳ್ತಿಲ್ಲ ಸ್ವಾಮಿ," ಅಂದ ಕಾವಲಿನವನು. "ನನಗೆ ಕಾಣ್ತಿಲ್ಲ. ಅಷ್ಟೇ."

"ನಿನ್ನ ಕೆಲಸ ಹೋಯ್ತು!"

"ಹೋಗ್ಲಿ ಬಿಡಿ. ಕಾಣದೇ ಇದ್ದದ್ದು ಕಾಣದೇ ಇದ್ದದ್ದೇ ಅಲ್ವಾ?"

ಆಗ ಕಪ್ಪು ಗಾಜಿನ ಒಳಗಿನಿಂದ ಒಂದು ದನಿ ಬಂತು. ಸಣ್ಣ ದನಿ. ತಪ್ಪು ಮಾಡಿ ಸಿಕ್ಕಿಬಿದ್ದವರ ದನಿ. "ಅವರನ್ನ ಬೈಬೇಡಿ. ಕಾಣೋದು ಬೇಡ ಅಂತ ಇರೋನು ನಾನೇ."

ಮದುಮಗಳು ಗಾಜಿನ ಹತ್ತಿರ ಕೂತಳು. "ಯಾಕೆ ಬುದ್ಧಿ?"

"ನನಗೆ ನಗು ತಡೆಯೋಕೆ ಆಗೋಲ್ಲ ತಾಯಿ. ಹಿಂದೆ ಒಂದು ಮುಖನೋಟದಲ್ಲಿ ಗಂಡಿನ ಪೇಟ ಜಾರಿ ಮೂಗಿನ ಮೇಲೆ ಕೂತಿತ್ತು. ನಕ್ಕುಬಿಟ್ಟೆ. ಆ ಗಂಡಿನ ಅಪ್ಪ ಕೆಂಪಗಾಗಿ ಎದ್ದು ಹೋದ. ನಗುವ ಒಡೆಯನಿಗೆ ಯಾರು ಬೆಲೆ ಕೊಡ್ತಾರೆ, ಊರು ಹಾಳಾಗುತ್ತೆ ಅಂತ ಮುಂದಿನ ಸೀಟಿನ ಇವರು ಹೇಳಿದರು. ನಿಜ ಅನ್ನಿಸ್ತು. ಗಾಜಿಗೆ ಕಪ್ಪು ಹಾಕಿಸಿಕೊಂಡೆ. ಒಳಗೆ ಕೂತರೆ ಗಂಭೀರ ಆಗ್ತೀನಿ ಅಂದುಕೊಂಡೆ. ಆದರೆ ನೀವೆಲ್ಲ ಬಂದು..." ಮತ್ತೆ ನಗು ಉಕ್ಕಿತ್ತು. "ನೀವೆಲ್ಲ ಬಂದು ಇಷ್ಟು ಹತ್ತಿರದಿಂದ ಹಲ್ಲು ತೋರಿಸ್ತೀರ."

ಸಾಲಿನವರಿಗೆ ಈಗ ಅರ್ಥವಾಯಿತು. ಇಷ್ಟು ವರ್ಷ ಕನ್ನಡಿ ಅಂದುಕೊಂಡಿದ್ದರ ಹಿಂದೆ ಎರಡು ಕಣ್ಣಿದ್ದವು. ಸೊಪ್ಪು ತೆಗೆದು ತಿಂದವನು ಕಟ್ಟೆಯ ಹಿಂದೆ ಅಡಗಿದ. ಹೆಡ್ಮಾಸ್ತರು ಮೂಗು ಮುಚ್ಚಿಕೊಂಡರು. ಹುಬ್ಬಿನವಳು ಸೆರಗು ಎಳೆದುಕೊಂಡಳು. ಯಾರಿಗೆ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ಒಂದು ಗಳಿಗೆ ಇನ್ನೇನು ಎಲ್ಲರೂ ಸಿಟ್ಟಿಗೇಳುತ್ತಾರೆ ಅನ್ನುವ ಹಾಗಿತ್ತು. ಮುಂದಿನ ಸೀಟಿನವರು ಅದನ್ನೇ ಕಾಯುತ್ತಿದ್ದರು.

"ಹಂಗಾದ್ರೆ," ಅಂದಳು ಹಳೇ ಮದುಮಗಳು ಗಾಜಿನ ಕಡೆ ಬೆರಳು ತೋರಿಸಿ, "ನನ್ನ ಬೋಳು ಬಾಯಿನ ದಿನಾ ನೋಡಿದ್ದೀರಾ ಬುದ್ಧಿ?"

"ದಿನಾ ನೋಡಿದೀನಿ ತಾಯಿ. ಕೊನೇ ಹಲ್ಲು ಬಿದ್ದ ದಿನಾನೂ ನೋಡಿದೆ. ಅವತ್ತು ಒಬ್ಬನೇ ಕೂತು ಅತ್ತೆ."

ಹಳೇ ಮದುಮಗಳು ಸೆರಗಿನಿಂದ ಬಾಯಿ ಮುಚ್ಚಿದಳು. ಅವಳ ಭುಜ ಅದುರಿತು. ಅಳುತ್ತಿದ್ದಾಳೆ ಅಂತ ಹಳೇ ಮದುಮಗ ಹತ್ತಿರ ಹೋದ. "ನಿಮ್ಮ ಮೀಸೆ ನೋಡ್ಕೊಳ್ಳಿ ಮೊದಲು," ಅಂದು ಅವಳು ಕಟ್ಟೆಗೆ ಒರಗಿ ಗೊಳ್ಳೆಂದಳು. ಅದು ಪಕ್ಕದವರಿಗೆ ಹತ್ತಿತು. ಪಕ್ಕದವರಿಂದ ಅವರ ಪಕ್ಕದವರಿಗೆ. ನಗು ಸಾಲಿನುದ್ದಕ್ಕೂ ಹೋಗಿ, ಬೀದಿ ಬಳೆಯ ಹಾಗಿದ್ದರಿಂದ, ಇನ್ನೊಂದು ಕಡೆಯಿಂದ ವಾಪಸ್ ಬಂದು ಹೆಡ್ಮಾಸ್ತರಿಗೆ ಬೆನ್ನ ಹಿಂದಿನಿಂದ ತಗುಲಿತು. ಅವರೂ ನಕ್ಕರು. ಅವರಿಗೆ ನಗೋಕೆ ಬರುತ್ತೆ ಅಂತ ಅವರಿಗೇ ಗೊತ್ತಿರಲಿಲ್ಲ.

"ಹೊರಗೆ ಬನ್ನಿ ಬುದ್ಧಿ," ಅಂದಳು ಮದುಮಗಳು.

"ಬಾಗಿಲು ಹೊರಗಿಂದ ತೆಗೆಯೋ ಹಾಗಿದ್ದರೆ ನೀವೇ ತೆಗೀರಿ. ಒಳಗಿನ ಹಿಡಿ ತುಕ್ಕು ಹಿಡಿದುಬಿಟ್ಟಿದೆ."

ಹೊರಗಿನದಕ್ಕೂ ತುಕ್ಕು ಹಿಡಿದಿತ್ತು. ಅವಳು ಬಕೆಟ್ ತಂದಳು, ಬ್ಲೇಡು ತಂದಳು. ಗಾಜಿಗೆ ಹಚ್ಚಿದಳು. ಕೆರೆದಳು. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಕೂಲಿಂಗ್ ಪೇಪರನ್ನು ಯಾವಾಗಲೂ ಗಾಜಿನ ಒಳಮೈಗೆ ಅಂಟಿಸುವುದು. ಇಷ್ಟು ದಿನ ಅವಳು ಸುಲಿದದ್ದೆಲ್ಲ ಬಾಗಿಲು ತೆರೆಸಿ ಒಳಗೆ ಹೋಗಿ. ಹೊರಗೆ ನಿಂತವಳಿಗೆ ಈ ಕಪ್ಪು ಸಿಕ್ಕುವ ಹಾಗಿರಲಿಲ್ಲ.

"ಬುದ್ಧಿ, ಇದನ್ನ ನೀವೇ ಕೀಳಬೇಕು."

"ನನಗೆ ಬರೋಲ್ಲ ತಾಯಿ."

"ಮೂಲೆಗೆ ಉಗುರು ಹಾಕಿ."

"ಉಗುರು ಕಚ್ಚಿ ಕಚ್ಚಿ ಖಾಲಿ ಮಾಡ್ಕೊಂಡಿದೀನಿ."

"ಹಂಗಾದ್ರೆ ಉಗುಳು ಹಚ್ಚಿ ನೆನೆಸಿ. ಹೆಬ್ಬೆರಳಲ್ಲಿ ಉಜ್ಜಿ. ಅವಸರ ಮಾಡಬೇಡಿ, ಹರಿಯುತ್ತೆ."

ಇಡೀ ಊರು ಗಾಜಿನ ಮುಂದೆ ಬಗ್ಗಿ ನಿಂತಿತು. ಒಳಗೆ ಉಜ್ಜುವ ಸದ್ದು. "ಬಂತಾ?" "ಇಲ್ಲ." "ಬಂತಾ?" "ಸ್ವಲ್ಪ." "ಎಳೀರಿ, ಎಳೀರಿ," ಅಂತ ಹೆಡ್ಮಾಸ್ತರು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದರು. "ನೀವು ಸುಮ್ನಿರಿ ಮೇಷ್ಟ್ರೇ, ಅವರಿಗೆ ನಿಮ್ಮ ಮೂಗು ನೆನಪಾಗುತ್ತೆ," ಅಂತ ಯಾರೋ ಅಂದರು. ಒಳಗೆ ಮತ್ತೆ ನಗು, ಉಜ್ಜುವುದು ನಿಂತಿತು. ಎಲ್ಲರೂ ಸೇರಿ ಅಂದವನನ್ನು ಬೈದರು.

ಕೊನೆಗೆ ಗಾಜಿನ ಕೆಳಮೂಲೆಯಲ್ಲಿ ಕಡಲೆಯಷ್ಟು ಬೆಳಕು ಒಡೆಯಿತು. ಆಮೇಲೆ ನಿಂಬೆಹಣ್ಣಿನಷ್ಟು. ಕಪ್ಪು ಪರ್ರನೆ ಸುರುಳಿ ಸುತ್ತಿಕೊಂಡು ಮೇಲೆದ್ದಿತು. ಮೊದಲು ಗದ್ದ ಕಂಡಿತು, ಆಮೇಲೆ ಕೆನ್ನೆ, ಕೆನ್ನೆಯ ಮೇಲೆ ಒದ್ದೆ, ಒದ್ದೆಯ ಮೇಲೆ ಕಣ್ಣು. ಮುದುಕನ ಮುಖ. ಕಣ್ಣ ಸುತ್ತ ನಕ್ಕ ಗೆರೆಗಳು ಎಷ್ಟಿದ್ದವೆಂದರೆ, ಕಣ್ಣು ಬಲೆಯಲ್ಲಿ ಬಿದ್ದ ಮೀನಿನ ಹಾಗಿತ್ತು. ಒಡೆಯರು ಕಟ್ಟೆಯ ಕಡೆ ತಿರುಗಿದರು. ಹೆದರಿಕೊಂಡೇ ನಾಲಿಗೆ ಚಾಚಿದರು.

ಕಾವಲಿನವನು "ಕಂಡೆ!" ಅಂತ ಕೂಗಿದ. ಹಕ್ಕಿಗಳು ಎದ್ದವು.

ಹಾರಗಳು ಮೇಲೆದ್ದವು. ಖಾಲಿ ಕೈಗಳೂ ಮೇಲೆದ್ದವು. ಕಾವಲಿನವನು ಕಟ್ಟೆಯಿಂದ ಹಾರಿ ಬಂದು ಮದುಮಗಳ ಎದುರಿಗೆ ನಿಂತ. ಅವನ ಹಾರವನ್ನು ತಂದುಕೊಡುವಷ್ಟರಲ್ಲಿ ಅವಳ ತಾಯಿ ಓಡಿ ಓಡಿ ಸುಸ್ತಾಗಿದ್ದಳು.

"ನಿಲ್ಲಿ!" ಅಂದರು ಮುಂದಿನ ಸೀಟಿನವರು. ಅವರಿಗೆ ಉಳಿದಿದ್ದು ಅದೊಂದೇ. "ಒಡೆಯರು ಕಂಡೆ ಅನ್ನಬೇಕು. ನಗದೆ ಅನ್ನಬೇಕು. ನಕ್ಕರೆ ಶಾಸ್ತ್ರ ಆಗೋಲ್ಲ."

ಒಡೆಯರು ಮುಖ ಗಟ್ಟಿ ಮಾಡಿಕೊಂಡರು. ಸಾಲನ್ನು ನೋಡಿದರು. "ಕಂ..." ಅಂದರು. ಹಳೇ ಮದುಮಗನ ಮೀಸೆಯ ಒಂದು ತುದಿ ಬಿತ್ತು. ಒಡೆಯರು ಮುಖ ಮುಚ್ಚಿಕೊಂಡರು. ಮತ್ತೆ "ಕಂ..." ಅಂದರು. ಕೋಳಿ ಜುಟ್ಟು ಕಂಡಿತು. ಮತ್ತೆ ಶುರು. ಎತ್ತಿದ ತೋಳುಗಳು ನೋಯತೊಡಗಿದವು. ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಮುಂದಿನ ಸೀಟಿನವರ ಬಾಯಲ್ಲಿ 'ನಾಳೆ' ಅನ್ನುವ ಮಾತು ರೆಡಿಯಾಗಿತ್ತು, ಮದುಮಗಳಿಗೆ ಅದು ಅವರ ತುಟಿಯ ಮೇಲೆ ಕಂಡಿತು.

"ಬುದ್ಧಿ," ಅಂದಳು ಅವಳು, "ನಮ್ಮನ್ನ ನೀವು ನೋಡಿದ್ರಾ?"

ಒಡೆಯರು ನಗುತ್ತಲೇ ತಲೆ ಅಲ್ಲಾಡಿಸಿದರು. ಕಣ್ಣಿಂದ ನೀರು ಸುರಿಯುತ್ತಿತ್ತು.

"ನಿಮ್ಮನ್ನ ನಾವೂ ನೋಡಿದ್ವಿ. ಸಾಕು. ಹೇಳೋದನ್ನ ಊಟ ಆದ್ಮೇಲೆ ನಿಧಾನಕ್ಕೆ ಹೇಳಿ." ಅಷ್ಟು ಹೇಳಿ ಕಾವಲಿನವನ ಕೊರಳಿಗೆ ಹಾರ ಹಾಕಿಯೇಬಿಟ್ಟಳು. ಅವನು ಗಾಬರಿಯಲ್ಲಿ ತನ್ನ ಹಾರವನ್ನು ಅತ್ತೆಯ ಕೊರಳಿಗೆ ಹಾಕುವುದರಲ್ಲಿದ್ದ, ಅವಳು ಕಿವಿ ಹಿಡಿದು ತಿರುಗಿಸಿಕೊಂಡಳು.

ಒಬ್ಬಳು ಹಾಕಿದ ಮೇಲೆ ಇನ್ನೇನಿದೆ? ಸಾಲಿನುದ್ದಕ್ಕೂ ಹಾರಗಳು ಬಿದ್ದವು. ಹಳೇ ಮದುಮಗಳು ಖಾಲಿ ಕೈಗಳನ್ನು ಹಳೇ ಮದುಮಗನ ಕೊರಳಿಗೇ ಹಾಕಿದಳು. "ಇರೇ, ಇನ್ನೊಂದು ಸಲ ಯೋಚನೆ ಮಾಡ್ತೀನಿ," ಅಂದ ಅವನು. ಅವಳು ಮೀಸೆ ಹಿಡಿದು ಎಳೆದಳು. ಮುಂದಿನ ಸೀಟಿನವರು ಸ್ವಲ್ಪ ಹೊತ್ತು ಒಬ್ಬರೇ ನಿಂತಿದ್ದರು. ಆಮೇಲೆ ಯಾರೋ ಅವರ ಕೈಗೆ ಅಕ್ಷತೆ ಕೊಟ್ಟರು. ಕೈಯಲ್ಲಿದ್ದದ್ದನ್ನು ಎಸೆಯದೆ ಏನು ಮಾಡುತ್ತಾರೆ, ಎಸೆದರು.

ಊಟಕ್ಕೆ ಬೀದಿಯುದ್ದಕ್ಕೂ ಎಲೆ ಹಾಕಿದರು. ಅಡುಗೆಯವರು ಎಲ್ಲಿಂದ ಬಂದರು ಅಂತ ಕೇಳಬೇಡಿ, ಇಂಥ ಊರಿನಲ್ಲಿ ಬೇಳೆ ತಾನಾಗಿ ಬೇಯುತ್ತೆ. ಕಪ್ಪಿನ ಅಂಟು ಬಿಟ್ಟ ಮೇಲೆ ಗಾಜೂ ಇಳಿಯಿತು, ಗಂಡಸರು ಕಂಕುಳಿಗೆ ಕೈ ಕೊಟ್ಟು, ಒಡೆಯರನ್ನು ಕಿಟಕಿಯಿಂದಲೇ ಹೊರಗೆ ಎಳೆದುಕೊಂಡರು. ಅವರ ಕಾಲಿಗೆ ನಡೆಯುವುದು ಮರೆತುಹೋಗಿತ್ತು. ಮದುಮಗಳು ಅವರನ್ನು ತನ್ನ ಪಕ್ಕದ ಎಲೆಗೆ ಕೂರಿಸಿದಳು.

ಪಾಯಸದ ಬಕೆಟ್ ಹಿಡಿದವನು ಬಗ್ಗಿ ಬಗ್ಗಿ ಬಡಿಸುತ್ತಾ ಬಂದ. ಒಡೆಯರ ಎಲೆಯ ಮುಂದೆ ನಿಂತ. ಇಷ್ಟು ವರ್ಷ ಯಾರೂ ನೋಡದ ಮುಖ, ಅವನಿಗೆ ಹೇಗೆ ಗೊತ್ತಾಗಬೇಕು?

"ತಾತ, ತಾವು ಗಂಡಿನ ಕಡೆಯೋರೋ ಹೆಣ್ಣಿನ ಕಡೆಯೋರೋ?" ಅಂದ.

ಒಡೆಯರು ಮದುಮಗಳ ಮುಖ ನೋಡಿದರು. ಕಾವಲಿನವನ ಮುಖ ನೋಡಿದರು. ಬೀದಿಯುದ್ದಕ್ಕೂ ಕೂತಿದ್ದ ಅಷ್ಟೂ ಜೋಡಿಗಳನ್ನು ನೋಡಿದರು.

"ಎಲ್ಲಾರ ಎರಡೂ ಕಡೆಯೋನು ಕಣಪ್ಪ," ಅಂದರು.

"ಹಂಗಾದ್ರೆ ನಮ್ಮ ಬಕೆಟ್ ಸಾಲೋಲ್ಲ," ಅಂದು ಅವನು ಎಲೆ ತುಂಬ ಸುರಿದು ಮುಂದೆ ಹೋದ.